ಭದ್ರಾವತಿಯ ‘ದ್ರಾ’

ಶಿವಮೊಗ್ಗದ ಬಸ್ ನಿಲ್ದಾಣ. ಅಜ್ಜನ ಕೈಹಿಡಿದು ನಿಂತ ಐದು ವರ್ಷದ ಹುಡುಗಿ ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುತ್ತಾಳೆ: ‘ಭ... ದಾ... ರ... ವತಿ’. ಅಜ್ಜ ತಿದ್ದುವ ಅವಸರ ಮಾಡುವುದಿಲ್ಲ. ‘ನಾವೀಗ ಯಾವೂರಿಗೆ ಹೊರಟಿದ್ದು ಪುಟ್ಟಿ?’ ಎನ್ನುತ್ತಾರೆ. ಅವಳು ಇನ್ನೊಮ್ಮೆ ಬೋರ್ಡು ನೋಡಿ, ‘ಭದ್ರಾವತಿ!’ ಎಂದು ಕೂಗುತ್ತಾಳೆ.

ಮೊದಲು ಓದಿದ್ದೂ ಸುಮ್ಮನೆ ಓದಿದ್ದಲ್ಲ. ‘ದ್ರಾ’ವನ್ನು ಮಗುವಿನ ಕಣ್ಣಿನಿಂದ ನೋಡಿ. ದೀರ್ಘ ಅಂಟಿಕೊಂಡಿರುವುದು ಮೇಲಿನ ದಕಾರಕ್ಕೆ, ರಕಾರ ಒತ್ತಾಗಿ ಕೆಳಗೆ ಕೂತಿದೆ. ಬಾಯಲ್ಲಿ ಮಾತ್ರ ದ್, ರ್ ಎರಡೂ ಮುಗಿದ ಮೇಲೆಯೇ ‘ಆ’ ಬರಬೇಕು. ಕಂಡ ಕ್ರಮದಲ್ಲೇ ಓದಿದವಳಿಗೆ ಅದು ‘ದಾರ’ ಆಯಿತು. ಇಷ್ಟು ಲೆಕ್ಕ ಹಾಕಿದ ಮಗುವನ್ನು ‘ಅಷ್ಟೂ ಬರಲ್ವಾ?’ ಎಂದು ಗದರುವುದು ಅನ್ಯಾಯ.

ವರ್ಣಮಾಲೆಯಲ್ಲಿ 49 ಅಕ್ಷರಗಳೇ ಇದ್ದರೂ ಕಾಗುಣಿತ, ಒತ್ತು ಸೇರಿದರೆ ರೂಪಗಳು ನೂರಾರು. ವಿಜಯದಶಮಿಗೆ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿದ ಮನೆಯವರು ಯುಗಾದಿಗೇ ಓದು ಬರಬೇಕೆಂದು ಕಾಯುತ್ತಾರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ: ಅಕ್ಷರಗಳ ಪೂರ್ತಿ ಹಿಡಿತ ಸಿಗುವುದಕ್ಕೆ ಒಂದೆರಡು ವರ್ಷ ಸಾಲದು.

ಹಾಗೆಂದು ಓದುವ ಸುಖಕ್ಕೆ ಅಷ್ಟು ದಿನ ಕಾಯಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ‘ನಲಿ ಕಲಿ’ ಕಲಿಕಾ ಪದ್ಧತಿ ಅ, ಆ, ಇ, ಈ ಕ್ರಮವನ್ನೇ ಬಿಟ್ಟು ರ, ಗ, ಸ, ದ, ಅ ಎಂದು ಹೊರಟಿತು. ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಕೈಗೆ ಬಂದವು! ಮನೆಯಲ್ಲಿ ಸ್ಲೇಟು, ಬಳಪ ಹಿಡಿದು ಕೂರುವ ಅಮ್ಮಂದಿರಿಗೂ ಇದು ಒದಗುತ್ತದೆ.

ಮನೆಯೋದು ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಮುಂದೆ ಕುವೆಂಪು ಆದ ಕುಪ್ಪಳಿಯ ಬಾಲಕ ಪುಟ್ಟಪ್ಪನಿಗೆ ಮೊದಲ ಪಾಠ ಹೇಳಿದವರು ದಕ್ಷಿಣ ಕನ್ನಡದಿಂದ ಮನೆಗೇ ಕರೆಸಿಕೊಂಡ ಮೇಷ್ಟರು. ತೀರ್ಥಹಳ್ಳಿಯ ಶಾಲೆ ಆಮೇಲಿನದು. ಇನ್ನು ಪುಟ್ಟಿ ಹೊರಟ ಭದ್ರಾವತಿ ಕಾಗದದ್ದೇ ಊರು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಪತ್ರಿಕೆಗಳಿಗೂ ಕಾಗದ ಕೊಟ್ಟಿತು. ಕಾರ್ಖಾನೆ ನಿಂತು ವರ್ಷಗಳಾದರೂ ಕಾಗದನಗರ ಎಂಬ ಹೆಸರು ಉಳಿದಿದೆ.

ಮನೆಗೆ ಬರುವ ಪತ್ರಿಕೆಯ ದಪ್ಪ ಅಕ್ಷರದ ತಲೆಬರಹ, ಬೇಳೆ ಪೊಟ್ಟಣ, ಮದುವೆ ಕಾಗದ ಯಾವುದಾದರೂ ಆದೀತು. ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕೂತುಕೊಳ್ಳಿ. ‘ದಾರ’ ಎಂದರೆ ಒಂದು ಕ್ಷಣ ತಡೆಯಿರಿ, ‘ದ್ರಾ’ ಅದೇ ಹೇಳಲಿ.