ವಿದ್ವಾಂಸರಿಗೊಂದು ಬಿಡಾರ

ಮನುಷ್ಯನಾಡಿದ ಮಾತನ್ನು ಕೇಳಿ ಅದನ್ನು ಅಕ್ಷರರೂಪಕ್ಕೆ ಇಳಿಸುವ ಯಂತ್ರವಿದ್ಯೆಯು ಈಗ ಮನೆಮನೆಯ ಮೊಬೈಲಿನೊಳಗೆ ಬಂದು ಕುಳಿತಿದೆಯಾದ್ದರಿಂದ, ಅದರ ಪರಿಚಯವನ್ನು ವಾಚಕರಿಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಆದರೆ ಈ ವಿದ್ಯೆಯ ಒಂದು ಮುಖ್ಯ ಸಾಧನವು ಒಂದು ಊರಿನವರು ಮಾಡಿದ ಅತಿಥಿಸತ್ಕಾರದಿಂದ ರೂಪುಗೊಂಡಿತೆಂಬ ಸಂಗತಿಯು ಬಹುಮಂದಿ ಗೃಹಸ್ಥರಿಗೆ ತಿಳಿದಿರಲಾರದು.

ಈಗ ಇದನ್ನು ಬರೆಯಲು ಕಾರಣವುಂಟು. ನಮ್ಮ ತಮ್ಮನ ಮಗನು ಒಂದು ತಾಂತ್ರಿಕ ಕಾಲೇಜಿನಲ್ಲಿ ಅಧ್ಯಾಪಕನು. ಈ ವಿದ್ಯೆಯಲ್ಲಿ ಪರಿಶ್ರಮವುಳ್ಳ ದೇಶವಿದೇಶಗಳ ಇಪ್ಪತ್ತು ಮಂದಿಯನ್ನು ನಾಲ್ಕು ವಾರ ಕರೆಸಿಕೊಂಡು, ಕನ್ನಡವನ್ನೇ ಮುಖ್ಯವಾಗಿಟ್ಟುಕೊಂಡು ಕಾರ್ಯಶಿಬಿರವೊಂದನ್ನು ನಡೆಸಬೇಕೆಂದು ಅವನು ಆಡಳಿತ ಸಭೆಗೆ ಬಿನ್ನವಿಸಿಕೊಂಡನು. ಸಭೆಯವರು ವಿಷಯವನ್ನು ಮುಂದಕ್ಕೆ ಹಾಕಿದರು. ಸಭಾಸದರಲ್ಲಿ ಒಬ್ಬರು ನಮಗೆ ಬಹುಕಾಲದ ಮಿತ್ರರು. ಅವರು ನಮ್ಮಲ್ಲಿಗೆ ಬಂದಾಗ, “ಮೇಷ್ಟ್ರೇ, ಅವರೆಲ್ಲ ತಮ್ಮ ತಮ್ಮ ಊರಿನಲ್ಲಿ ಕುಳಿತೇ ಮುಖ ನೋಡಿ ಮಾತನಾಡುವ ಅನುಕೂಲ ಈಗ ಉಂಟಲ್ಲ! ನಾಲ್ಕು ವಾರ ಊಟ ಹಾಕಿ ಮಲಗಿಸುವುದು ಏತಕ್ಕೆ?” ಎಂದರು. ಪ್ರಶ್ನೆಯು ನ್ಯಾಯವಾದದ್ದೇ, ಖರ್ಚಾಗುವುದು ಮಕ್ಕಳ ತಂದೆತಾಯಿಗಳು ಕಟ್ಟಿದ ಹಣವಷ್ಟೆ. ಉತ್ತರವನ್ನು ಸಾವಕಾಶವಾಗಿ ಹೇಳುವೆವು.

ಅಮೆರಿಕಾದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ 1995ರಿಂದ ಬೇಸಿಗೆಯ ಕಾರ್ಯಶಿಬಿರಗಳನ್ನು ನಡೆಸುವ ಪದ್ಧತಿಯು ಮೊದಲಾಯಿತು. ಇದರ ಹಿರಿಯರು ಫ್ರೆಡರಿಕ್ ಯೆಲಿನೆಕ್. ಇವರು 1932ರಲ್ಲಿ ಚೆಕ್ ನಾಡಿನ ಕ್ಲಾಡ್ನೋ ಎಂಬಲ್ಲಿ ಹುಟ್ಟಿ, 1949ರಲ್ಲಿ ಅಮೆರಿಕಾ ಸೇರಿ, ಮಾತನ್ನು ಗುರುತಿಸುವ ಕಾರ್ಯವನ್ನು ಸಂಭಾವ್ಯತೆಯ ಗಣಿತದ ಮೇಲೆ ನಿಲ್ಲಿಸಿದವರಲ್ಲಿ ಅಗ್ರಗಣ್ಯರಾದರು. ಶಿಬಿರದಲ್ಲಿ ಪಂಡಿತರೂ ಪದವಿಯನ್ನಿನ್ನೂ ಮುಗಿಸದ ವಿದ್ಯಾರ್ಥಿಗಳೂ ಒಂದೇ ತಂಡವಾಗಿ ಆರು ವಾರ ಕುಳಿತು ಕೆಲಸ ಮಾಡುವರು. ಉಪನ್ಯಾಸ ಕೇಳಿ ಚಪ್ಪಾಳೆ ತಟ್ಟಿ ಎದ್ದುಹೋಗುವ ಸಭೆ ಇದಲ್ಲ.

ಅಲ್ಲಿನ 2009ರ ಶಿಬಿರದಲ್ಲಿ ಒಂದು ತಂಡವು, ಹೊಸ ಹೊಸ ಭಾಷೆಗಳಿಗೆ ಅಲ್ಪವ್ಯಯದಲ್ಲಿ ಈ ಯಂತ್ರಶ್ರವಣವನ್ನು ಒದಗಿಸುವುದು ಹೇಗೆಂದು ವಿಚಾರಮಾಡಿತು. ಆರು ವಾರ ಮುಗಿದಾಗ ಕೆಲಸವು ಮೊಳಕೆಯ ಸ್ಥಿತಿಯಲ್ಲಿತ್ತು. ಆಗ ಚೆಕ್ ನಾಡಿನ ಬ್ರನೋ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದವರು, “ನಮ್ಮಲ್ಲಿಗೆ ಬನ್ನಿ” ಎಂದು 2010ರ ಬೇಸಿಗೆಯಲ್ಲಿ ಅವರನ್ನು ಬರಮಾಡಿಕೊಂಡರು. ಹಳಬರು ಕೆಲವರು, ಹೊಸಬರು ಕೆಲವರು ಅಲ್ಲಿ ಕೂಡಿ, ಯಾರು ಬೇಕಾದರೂ ಬಳಸಬಹುದಾದಂತೆ ಆ ಸಾಧನವನ್ನು ಮೊದಲಿನಿಂದ ಶುದ್ಧಪಡಿಸಿ ಬರೆಯಲು ತೊಡಗಿದರು. 2011ರ ಮೇ ತಿಂಗಳಿನಲ್ಲಿ ಅದು ಲೋಕಕ್ಕೆ ಬಿಡುಗಡೆಯಾಯಿತು. ಬೆಲೆಯಿಲ್ಲ, ತಿದ್ದಿಕೊಳ್ಳಲು ಅಡ್ಡಿಯಿಲ್ಲ, ವ್ಯಾಪಾರಕ್ಕೆ ಬಳಸಿದರೂ ಆಕ್ಷೇಪವಿಲ್ಲ. ಅದಕ್ಕೆ ಇಟ್ಟ ಹೆಸರು ‘ಕಾಲ್ಡಿ’. ಕಾಫಿಯ ಗಿಡವನ್ನು ಮೊದಲು ಕಂಡವನೆಂದು ಐತಿಹ್ಯವು ಹೇಳುವ ಇಥಿಯೋಪಿಯಾ ದೇಶದ ಮೇಕೆ ಕಾಯುವವನ ಹೆಸರದು. ಕಾಫಿಯಿಲ್ಲದೆ ಬೆಳಗಾಗದ ನಮ್ಮ ಮನೆಯಲ್ಲಿ ಈ ಹೆಸರಿಗೆ ಬಹಳ ಮೆಚ್ಚುಗೆ ದೊರೆಯಿತು.

ಬ್ರನೋ ಎಂದೊಡನೆ, ಅಲ್ಲಿನ ಮಠದ ತೋಟದಲ್ಲಿ ಬಟಾಣಿ ಬೆಳೆದು ಅನುವಂಶದ ನಿಯಮಗಳನ್ನು ಕಂಡ ಮೆಂಡೆಲ್ ನೆನಪಾಗುತ್ತಾರೆ. 1865ರಲ್ಲಿ ಅವರು ಆ ಊರಿನ ಸಭೆಯೆದುರು ಓದಿದ ಪ್ರಬಂಧಕ್ಕೆ 1900ರವರೆಗೆ ತಕ್ಕ ಗಮನ ದೊರೆಯಲಿಲ್ಲ. ಅದಂತಿರಲಿ.

ಜೊತೆಗೂಡಿ ಕುಳಿತೇ ಏಕೆ ಕೆಲಸ ಮಾಡಬೇಕೆಂದರೆ, ಯಂತ್ರಕ್ಕೆ ಕಲಿಸಬೇಕಾದ ವಿಷಯಗಳನ್ನು ನೋಡಿರಿ. ನಾವು ಹೇಳುತ್ತಿರುವ ಪದ್ಧತಿಯಲ್ಲಿ ಅವು ಮೂರು: ಒಂದೊಂದು ವರ್ಣದ ಧ್ವನಿ ಎಂತಹುದು, ಒಂದೊಂದು ಪದದಲ್ಲಿ ಯಾವ ವರ್ಣಗಳಿವೆ, ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು. ಮೂರನೆಯದು ನಮ್ಮ ಶಾಸ್ತ್ರಕಾರರು ಹೇಳುವ ಆಕಾಂಕ್ಷೆಯನ್ನು ತುಸು ಹೋಲುವುದಾದರೂ, ಇಲ್ಲಿ ಯಂತ್ರಕ್ಕೆ ಅರ್ಥದ ಗೊಡವೆಯಿಲ್ಲ, ಎಣಿಕೆಯೊಂದೇ ಗೊತ್ತು. ಇಂಗ್ಲಿಷಿನಂತಹ ಭಾಷೆಯಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಪದಗಳು ಕನ್ನಡದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ‘ಮನೆ’ ಎಂಬ ಒಂದು ಪದವು ಮನೆಯಲ್ಲಿ, ಮನೆಯಲ್ಲಿದ್ದವನು, ಮನೆಯಲ್ಲಿದ್ದವನಿಗೂ ಎಂದು ಬೆಳೆಯುತ್ತ ಹೋದರೆ, ನಿಘಂಟು ಎಲ್ಲಿಗೆ ಮುಗಿಯಬೇಕು? ಸಂಧಿಯನ್ನು ಬಿಡಿಸುವ ಕ್ರಮವನ್ನು ಬಲ್ಲವನೊಬ್ಬನು ಪಕ್ಕದಲ್ಲಿದ್ದರೆ ಗಣಿತಜ್ಞನು ಊಟದ ನಡುವೆಯೇ ಕೇಳಿಯಾನು. ಪತ್ರ ಬರೆದು ಕೇಳಲು, ಇಂತಹ ತೊಡಕೊಂದು ಉಂಟೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಮಿತ್ರರ ಪ್ರಶ್ನೆಗೆ ನಾವು ಕೊಟ್ಟ ಉತ್ತರವು ಇಷ್ಟೆ.

ಬ್ರನೋ ನಗರದ ಆ ಆತಿಥ್ಯವು ನಮ್ಮ ನಾಡಿಗೂ ಫಲಿಸಿದೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದ ಸಂಶೋಧಕರು ಇದೇ ಕಾಲ್ಡಿಯನ್ನು ಬಳಸಿ, ರೈತನು ದೂರವಾಣಿಯಲ್ಲಿ ಕನ್ನಡದಲ್ಲಿಯೇ ಕೇಳಿ ಬೆಳೆಯ ಧಾರಣೆಯನ್ನೂ ಹವಾಮಾನವನ್ನೂ ತಿಳಿಯುವ ವ್ಯವಸ್ಥೆಯೊಂದನ್ನು ರಚಿಸಿ, ಅದರ ವಿವರವನ್ನು 2017ರಲ್ಲಿ ಪ್ರಕಟಿಸಿದರು. ಅದಕ್ಕಾಗಿ ರೈತರ ಧ್ವನಿಯನ್ನೇ ಸಂಗ್ರಹಿಸಿದರು. ಸುತ್ತಲಿನ ಗದ್ದಲವೂ ಜೊತೆಗೇ ಬಂದಿತು. ಈಗ ಕಾಲ್ಡಿಯನ್ನೂ ಮೀರಿದ ಹೊಸ ಮಾರ್ಗಗಳು ಬಂದಿವೆ. ಆದರೂ ಯಂತ್ರವು ಕೇಳಿದ್ದನ್ನಲ್ಲದೆ ಕೇಳದ್ದನ್ನು ಅರಿಯದೆಂಬ ಮಾತು ಹಾಗೆಯೇ ಉಳಿದಿದೆ.

ನಮಗೆ ಮುಖ್ಯವಾಗಿ ತೋರುವುದು ಇದೇ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ಎಂಬುದನ್ನು ‘ಆಲು’ ಎನ್ನುವವರು ಎಷ್ಟೋ ಮಂದಿ. ‘ಬರುತ್ತೇನೆ’ ಎಂಬುದು ಧಾರವಾಡದ ಕಡೆ ‘ಬರ್ತೇನ್ರಿ’, ಕುಂದಾಪುರದ ಕಡೆ ‘ಬತ್ತೆ’. ತರಗತಿಯಲ್ಲಿ ಹಕಾರವನ್ನು ತಿದ್ದುವುದು ಉಪಾಧ್ಯಾಯರ ಧರ್ಮವೆಂದು ನಾವು ಇಂದಿಗೂ ನಂಬಿದ್ದೇವೆ. ಆದರೆ ಧಾರಣೆ ಕೇಳಲು ಬಂದ ಒಕ್ಕಲಿಗನಿಗೆ ಯಂತ್ರವು ಉಪಾಧ್ಯಾಯನಾಗತಕ್ಕದ್ದಲ್ಲ. ಅವನು ಆಡಿದಂತೆ ಅದು ಕೇಳಿಸಿಕೊಳ್ಳಬೇಕು. ಪಟ್ಟಣದ ಓದುಬಲ್ಲವರ ಧ್ವನಿಯನ್ನಷ್ಟೇ ಕಲಿತ ಯಂತ್ರದ ಮುಂದೆ, ನಾಡಿಗೆ ಅನ್ನವಿಕ್ಕುವವನು ಮೂಕನಂತೆ ನಿಲ್ಲಬೇಕಾಗುತ್ತದೆ. ಇದನ್ನು ಹೊರಗಿನವರು ನಮಗಾಗಿ ಸರಿಪಡಿಸಿಕೊಡುವರೆಂದು ಕಾಯುವುದಕ್ಕಿಂತ, ಅವರನ್ನು ಕರೆತಂದು ನಮ್ಮ ಸಂತೆಯ ಮಾತನ್ನು ಕಿವಿಯಾರೆ ಕೇಳಿಸುವುದು ಲೇಸು.

ಯೆಲಿನೆಕ್ 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ಶಿಬಿರವು 2014ರಲ್ಲಿ ಪ್ರಾಗ್ ನಗರಕ್ಕೂ 2025ರಲ್ಲಿ ಬ್ರನೋ ನಗರಕ್ಕೂ ಅತಿಥಿಯಾಗಿ ಹೋಗಿ ಬಂದಿತು.

ನಮ್ಮ ಮಿತ್ರರು ಎಲ್ಲವನ್ನೂ ಕೇಳಿ, “ಒಳ್ಳೆಯದು, ಊಟದ ಲೆಕ್ಕವನ್ನು ಬೇರೆಯಾಗಿ ಬರೆದು ತರಲಿ” ಎಂದಿದ್ದಾರೆ. ಧ್ವನಿಯ ಮುದ್ರಿಕೆಯೊಂದೊಂದಕ್ಕೂ ಆಡಿದ ಮಾತನ್ನು ಅಕ್ಷರಶಃ ಬರೆದು ಜೋಡಿಸಬೇಕಂತೆ. ತಿದ್ದದೆ ಬರೆಯಬೇಕೆಂಬುದು ನಿಬಂಧನೆ. ಶಿಬಿರವು ನಡೆಯುವುದಾದರೆ ದಿನಕ್ಕೆರಡು ಗಂಟೆ ಕುಳಿತು ಕೇಳಿ ಬರೆಯಲು ನಾವು ಒಪ್ಪಿಕೊಂಡಿದ್ದೇವೆ. ಹುಡುಗನು ಅದಕ್ಕಾಗಿ ಕಿವಿಗೆ ತೊಡುವ ಹೆಡ್‌ಫೋನ್ ಒಂದನ್ನು ಈಗಲೇ ತಂದಿಟ್ಟು ಹೋಗಿದ್ದಾನೆ.