ಕರಗಿದ ಡಾಲರು, ಕಲಶದ ರೂಪಾಯಿ

ನ್ಯೂಜೆರ್ಸಿಯಲ್ಲಿರುವ ಅಣ್ಣನ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಬೆಳ್ಳಿ ಡಾಲರು, ಇಸವಿ 1921. ‘ಚಿಕ್ಕಪ್ಪಾ, ನೂರು ವರ್ಷ ದಾಟಿದೆ, ಎಷ್ಟು ಲಕ್ಷ ಬರಬಹುದು ಹೇಳಿ’ ಎಂದು ಕೆಳಗೆ ಬರೆದಿದ್ದ. ಚಿಕ್ಕಪ್ಪ, ಅಂದರೆ ಈ ಬರಹಗಾರ, ನಾಣ್ಯದ ಹುಚ್ಚು ಹತ್ತಿಸಿಕೊಂಡು ಅದಕ್ಕೆ ತಕ್ಕ ಜೇಬಿಲ್ಲದ ಮನುಷ್ಯ. ‘ಲಕ್ಷದ ಮಾತು ಬಿಡು, ಬೆಳ್ಳಿಯ ತೂಕದ ಮೇಲೆ ಚೂರುಪಾರು ಸಿಕ್ಕರೆ ನಿನ್ನ ಪುಣ್ಯ’ ಎಂದು ಉತ್ತರಿಸಿದ. ಹುಡುಗನಿಗೆ ಸಿಟ್ಟು ಬಂತು.

ಬೆಳ್ಳಿ ಡಾಲರುಗಳ ಲೋಕದಲ್ಲಿ ವಯಸ್ಸಿಗೆ ಅಷ್ಟೇನೂ ಮರ್ಯಾದೆಯಿಲ್ಲ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಜಾರ್ಜ್ ಮಾರ್ಗನ್ ಕೆತ್ತಿದ ಈ ಡಾಲರು 1878ರಿಂದ 1904ರವರೆಗೆ, ಮತ್ತೊಮ್ಮೆ 1921ರಲ್ಲಿ ಟಂಕವಾಯಿತು. ಮೇಲಿರುವ ಸ್ವಾತಂತ್ರ್ಯದೇವಿಯ ಮುಖ ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ ಅನ್ನಾ ವಿಲಿಯಮ್ಸ್ ಅವರದು. ಹಿಂಬದಿಯಲ್ಲಿ, ಹದ್ದಿನ ಕೆಳಗಿನ ಎಲೆಮಾಲೆಯ ಗಂಟಿನಡಿ, ಭೂತಗನ್ನಡಿ ಹಿಡಿದರೆ ಒಂದು ಪುಟ್ಟ ಅಕ್ಷರ ಕಂಡೀತು. ಅಲ್ಲಿ ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೋ, ‘ಓ’ ಇದ್ದರೆ ನ್ಯೂ ಆರ್ಲಿಯನ್ಸ್, ‘ಸಿಸಿ’ ಇದ್ದರೆ ಕಾರ್ಸನ್ ಸಿಟಿ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. 1893ರ ‘ಎಸ್’ ಡಾಲರು ಟಂಕವಾದದ್ದು ಬರೀ ಒಂದು ಲಕ್ಷ, ಅದಕ್ಕೇ ಸಂಗ್ರಾಹಕರು ಜೀವ ಬಿಡುತ್ತಾರೆ. 1921ರಲ್ಲಾದರೋ ಮೂರು ಟಂಕಸಾಲೆಗಳು ಸೇರಿ ಎಂಟು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಹೊಡೆದವು. ಹುಡುಗನ ಕೈಗೆ ಬಂದದ್ದು ಆ ಜಾತ್ರೆಯಲ್ಲಿ ಒಂದು.

ಆ ವರ್ಷವೇ ಯಾಕೆ ಅಷ್ಟೊಂದು? ಇಲ್ಲಿಂದ ಮುಂದೆ ಚಿಕ್ಕಪ್ಪನನ್ನು ತಡೆಯುವವರಿಲ್ಲ. ಯಾಕೆಂದರೆ ಉತ್ತರ ನಮ್ಮ ಕಡೆಯೇ ಇದೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಭಾರತದಿಂದ ಧಾನ್ಯ, ಸೆಣಬು, ಸಿಪಾಯಿಗಳು, ಎಲ್ಲವನ್ನೂ ಮೊಗೆದು ಒಯ್ದರು. ಅದಕ್ಕೆಲ್ಲ ಕೊಡಬೇಕಾದದ್ದು ಬೆಳ್ಳಿ ರೂಪಾಯಿ, ಬೆಳ್ಳಿಯೋ ಸಿಗದು. 1917ರ ಕೊನೆಗೆ ಒಂದು ರೂಪಾಯಿಯ ಕಾಗದದ ನೋಟು ಬಂತು. ಜನ ನಂಬಬೇಕಲ್ಲ! ಕೈಗೆ ಬಂದ ನೋಟನ್ನು ಬೆಳ್ಳಿಗೆ ಬದಲಿಸಿಕೊಂಡು ಮಡಕೆಯಲ್ಲಿಟ್ಟು ಹೂಳಿದರು. 1918ರ ಬೇಸಿಗೆಯ ಹೊತ್ತಿಗೆ ಸರ್ಕಾರದ ಬೆಳ್ಳಿ ತಳ ಕಾಣತೊಡಗಿತು. ಲಂಡನ್ ಕೈಚಾಚಿದ್ದು ವಾಷಿಂಗ್ಟನ್ನಿನ ಕಡೆಗೆ. ಅಲ್ಲಿನ ಖಜಾನೆಯ ನೆಲಮಾಳಿಗೆಗಳಲ್ಲಿ ಯಾರಿಗೂ ಬೇಡವಾದ ಬೆಳ್ಳಿ ಡಾಲರುಗಳು ಸಾವಿರ ಸಾವಿರದ ಚೀಲಗಳಲ್ಲಿ ಕೊಳೆಯುತ್ತಿದ್ದವು.

ಗಣಿಗಳ ನಾಡಾದ ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ತಂದ ಕಾಯ್ದೆ 1918ರ ಏಪ್ರಿಲಿನಲ್ಲಿ ಪಾಸಾಯಿತು. ಅದರಡಿ 27,02,32,722 ಡಾಲರುಗಳು ಕುಲುಮೆಗೆ ಬಿದ್ದವು. ಅವುಗಳಲ್ಲಿ ಸುಮಾರು 26 ಕೋಟಿಯ ಬೆಳ್ಳಿ ಭಾರತದ ಸಲುವಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಪಿಟ್‌ಮನ್ ಸುಮ್ಮನೆ ಉಪಕಾರ ಮಾಡುವ ಆಸಾಮಿಯಲ್ಲ. ಕರಗಿಸಿದಷ್ಟು ಬೆಳ್ಳಿಯನ್ನು ಅಮೆರಿಕದ ಗಣಿಗಳಿಂದಲೇ, ಔನ್ಸಿಗೆ ಒಂದು ಡಾಲರಿನಂತೆ ಕೊಂಡು ಮತ್ತೆ ನಾಣ್ಯ ಹೊಡೆಯಬೇಕೆಂದು ಅದೇ ಕಾಯ್ದೆಯಲ್ಲಿ ಬರೆಸಿದ್ದ. ಹಳೆಯ ಅಚ್ಚುಗಳೆಲ್ಲ ನಾಶವಾಗಿದ್ದರಿಂದ 1921ರಲ್ಲಿ ಹೊಸದಾಗಿ ಮಾಡಿಸಿದರು. ಕೆತ್ತನೆ ಆಳವಿಲ್ಲದೆ ಚಪ್ಪಟೆಯಾಯಿತು. ಸಂಗ್ರಾಹಕರು 1921ರದನ್ನು ಕಂಡು ಮೂಗು ಮುರಿಯುವುದಕ್ಕೆ ಇದೂ ಒಂದು ಕಾರಣ.

ಕರಗಿದ್ದರಲ್ಲಿ ಯಾವ ಇಸವಿಯದು ಎಷ್ಟು ಎಂದು ಯಾರೂ ಲೆಕ್ಕವಿಡಲಿಲ್ಲ. ಹೀಗಾಗಿ ಟಂಕವಾದದ್ದೆಷ್ಟು ಎಂಬ ಅಂಕಿಯನ್ನು ನಂಬಿ ಬೆಲೆ ಕಟ್ಟಿದರೆ ಕೆಟ್ಟೆವು. 1903ರ ನ್ಯೂ ಆರ್ಲಿಯನ್ಸ್ ಡಾಲರು ಬಲು ಅಪರೂಪವೆಂದು ದಶಕಗಳ ಕಾಲ ಮೆರೆಯಿತು. 1962ರಲ್ಲಿ ಖಜಾನೆಯಿಂದ ಅದರ ಚೀಲಗಳು ಹೊರಬಿದ್ದವು, ಬೆಲೆ ಮಕಾಡೆ ಮಲಗಿತು.

ಮಾಮೂಲಿ ಇಸವಿಯ ಡಾಲರಿನ ತೂಕ 26.73 ಗ್ರಾಂ, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ಅದರ ಬೆಲೆಗೆ ಅದೇ ತಳಪಾಯ. ಅದರ ಮೇಲೆ ಎಷ್ಟು ಏರೀತು ಎಂಬುದು ದೇವಿಯ ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ ಎಷ್ಟು ಸವೆಯದೆ ಉಳಿದಿದೆ ಎಂಬುದರ ಮೇಲೆ. ಚಲಾವಣೆಯನ್ನೇ ಕಾಣದ ನಾಣ್ಯಕ್ಕೂ ಚೀಲದೊಳಗೆ ಒಂದಕ್ಕೊಂದು ತಾಕಿ ಕೆನ್ನೆಯ ಮೇಲೆ ಗೀರು ಬಿದ್ದಿರುತ್ತದೆ. ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುವ ಪರೀಕ್ಷಕರು ಆ ಗೀರುಗಳನ್ನು ಎಣಿಸುತ್ತ ಕೂರುತ್ತಾರೆ. ಸೊಸೆಯನ್ನು ನೋಡಲು ಬಂದ ಅತ್ತೆಯೂ ಅಷ್ಟು ಎಣಿಸಲಾರಳು.

ಇತ್ತ ಬಂದ ಬೆಳ್ಳಿ ಬೊಂಬಾಯಿ, ಕಲ್ಕತ್ತೆಯ ಟಂಕಸಾಲೆಗಳಲ್ಲಿ ಐದನೇ ಜಾರ್ಜನ ತಲೆ ಹೊತ್ತಿತು. ಒಂದು ಡಾಲರಿನ ಬೆಳ್ಳಿಗೆ ಲೆಕ್ಕದಲ್ಲಿ ಎರಡೂಕಾಲು ರೂಪಾಯಿ. ಬರಹಗಾರನ ತಾಯಿ ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶಕ್ಕೆ ಹಾಕುತ್ತಿದ್ದ ರೂಪಾಯಿಗಳಲ್ಲಿ 1918ರದೂ ಇತ್ತು. ರಾಜನ ಕಿರೀಟದ ಮೇಲೆ ಬೆಸುಗೆಯ ಗುರುತು. ಯಾವುದೋ ಕಾಲದಲ್ಲಿ ಅಜ್ಜಿಯ ಕೊರಳ ಸರಕ್ಕೆ ಕೊಂಡಿ ಹಾಕಿಸಿದ್ದು. ಸಂಗ್ರಾಹಕರ ಭಾಷೆಯಲ್ಲಿ ಅದು ಹಾಳಾದ ನಾಣ್ಯ. ಕೆಳಗಿನ ತಾವರೆಯ ಬಳಿ ಸಾಸಿವೆಯಂಥ ಉಬ್ಬು ಚುಕ್ಕೆ ಇದೆ, ಅಂದರೆ ಬೊಂಬಾಯಿಯದು. ಕಲ್ಕತ್ತೆಯದಕ್ಕೆ, ಫಿಲಡೆಲ್ಫಿಯಾದ್ದಕ್ಕೆ ಇದ್ದ ಹಾಗೆಯೇ, ಗುರುತಿಲ್ಲ. ಅದರೊಳಗೆ ಅಮೆರಿಕದ ಬೆಳ್ಳಿ ಇದೆಯೆಂದು ಪ್ರಮಾಣ ಮಾಡಿ ಹೇಳಲಾಗದು, ಇಲ್ಲವೆಂದು ವಾದಿಸುವವರ ಜೊತೆ ಈ ಬರಹಗಾರ ಕಾಫಿ ಕುಡಿಯಲಾರ.

ಹುಡುಗನಿಗೆ ಇದೆಲ್ಲ ಬರೆದು ಕಳಿಸಿದ್ದಕ್ಕೆ ಒಂದು ಹೆಬ್ಬೆರಳು ಬಂತು, ಅಷ್ಟೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ದೇವರ ಮನೆಯಲ್ಲಿ 1918ರದೋ 1919ರದೋ ಬೆಳ್ಳಿ ರೂಪಾಯಿ ಇದ್ದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕಪ್ಪಗಿದ್ದರೆ ಕಪ್ಪಗೇ ಇರಲಿ. ಲಕ್ಷ್ಮಿ ಬೇಡವೆನ್ನುವುದಿಲ್ಲ, ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ಬೇಡವೆನ್ನುತ್ತಾರೆ.