‘ನೋಡೋಣ’ ಎಂಬ ಹುದ್ದೆ

2018ರ ಮಾರ್ಚ್ 20, ಮಂಗಳವಾರ. ಡೊಂಬಿವಲಿಯಿಂದ ಎಂದಿನ ಲೋಕಲ್ ಹಿಡಿದು ಹೊರಟಿದ್ದೆ. ಕುರ್ಲಾ ದಾಟಿ ಸ್ವಲ್ಪ ದೂರ ಹೋದ ಗಾಡಿ ನಿಂತಿದ್ದು ನಿಂತೇಬಿಟ್ಟಿತು. ಮಾಟುಂಗಾ ಮತ್ತು ದಾದರ್ ನಡುವೆ ಹುಡುಗರು ಹಳಿಯ ಮೇಲೆ ಕೂತಿದ್ದಾರೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. ರೈಲ್ವೆಯಲ್ಲಿ ಅಪ್ರೆಂಟಿಸ್ ತರಬೇತಿ ಮುಗಿಸಿದವರಂತೆ, ಕಾಯಂ ಕೆಲಸ ಕೇಳುತ್ತಿದ್ದಾರಂತೆ. ‘ತರಬೇತಿ ಕೊಟ್ಟದ್ದೇ ತಪ್ಪಾಯಿತೇ?’ ಎಂದು ಪಕ್ಕದವರು ಗೊಣಗಿದರು. ಹತ್ತು ಗಂಟೆಗೆ ಕ್ಲೈಂಟ್ ಕಾಲ್ ಇದ್ದ ನಾನೂ ಮನಸ್ಸಿನಲ್ಲೇ ಹೌದೆಂದೆ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಸೋದರಮಾವನ ಫೋನು. ಟಿವಿಯಲ್ಲಿ ನೋಡಿದ್ದರು.

“ತಮ್ಮಾ, ನಿನ್ನ ಗಾಡಿನೂ ನಿಂತೈತೇನು?”

“ನಿಂತದ ಮಾಮಾ. ಈ ಹುಡುಗ್ರಿಗೆ ಬೇರೆ ಹಾದಿ ಸಿಗಲಿಲ್ಲೇನು?”

ಮಾಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾನೂ ಅಪ್ರೆಂಟಿಸ್ ಇದ್ದೆ ನೋಡಪಾ, ನಿನಗ ನೆನಪಿರಲಿಕ್ಕಿಲ್ಲ” ಎಂದರು.

ನೆನಪಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಐಟಿಐ ಫಿಟ್ಟರ್ ಮುಗಿಸಿ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದರು. ಖಾಕಿ ಅಂಗಿ, ಊಟದ ಡಬ್ಬಿ, ಸೈಕಲ್ಲು. ಅಜ್ಜಿ ಊರಿಗೆಲ್ಲ ‘ನಮ್ಮ ಹುಡುಗ ಸರ್ಕಾರಿ ನೌಕರಿಯೊಳಗ ಇದ್ದಾನ’ ಎಂದು ಹೇಳಿಕೊಂಡು ಬಂದಿದ್ದಳು. ತರಬೇತಿ ಮುಗಿದ ಮೇಲೆ ಮಾಮಾ ಸುಮಾರು ಐದು ವರ್ಷ ಆ ಗೇಟಿಗೆ ಅಲೆದರು. ಯಾರೂ ಇಲ್ಲ ಅನ್ನಲಿಲ್ಲ. ‘ನೋಡೋಣ, ಮ್ಯಾಲಿಂದ ಆರ್ಡರ್ ಬರಲಿ’ ಅಂದರು. ಕೊನೆಗೆ ವಯೋಮಿತಿ ದಾಟಿತು.

“ಮೊದಲ ದಿನಾನೇ ಇಲ್ಲಾ ಅಂದಿದ್ರ, ಇಪ್ಪತ್ಮೂರಕ್ಕ ಗ್ಯಾರೇಜ್ ಹಾಕ್ತಿದ್ದೆ. ಇಪ್ಪತ್ತೆಂಟಕ್ಕ ಹಾಕಿದೆ. ನಡುವಿನ ಐದು ವರ್ಷ ಯಾರ ಲೆಕ್ಕಕ್ಕ?” ಎಂದು ಕೇಳಿ ಫೋನಿಟ್ಟರು.

ಅಂದು ರಾತ್ರಿ ಕಾನೂನು ಓದಲು ಕೂತೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಒಪ್ಪಂದದಲ್ಲೇ ಬರೆದಿರದಿದ್ದರೆ, ತರಬೇತಿಯ ನಂತರ ಅವನಿಗೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆ ಮಾಲೀಕನಿಗಿರಲಿಲ್ಲ. 1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಸಮನಾಗಿದ್ದರೆ ಹೊರಗಿನವರಿಗಿಂತ ತರಬೇತಿ ಪಡೆದವರಿಗೆ ಆದ್ಯತೆ ಕೊಡಿ ಎಂದಿತು. ಆದ್ಯತೆಯಷ್ಟೇ, ಹಕ್ಕಲ್ಲ. 2014ರ ತಿದ್ದುಪಡಿ ಬಂದ ಮೇಲೆ, ತನ್ನಲ್ಲಿ ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಮಾಲೀಕನೂ ತನ್ನದೇ ಒಂದು ನೀತಿ ರೂಪಿಸಬೇಕು. ರೈಲ್ವೆಯ ನೀತಿ ಕೆಳಹಂತದ ನೇರ ನೇಮಕಾತಿಯಲ್ಲಿ ಶೇ. 20 ಹುದ್ದೆಗಳನ್ನು ಅವರಿಗೆ ಮೀಸಲಿಡುವುದು. ಹಳಿಯ ಮೇಲೆ ಕೂತವರು ಕೇಳಿದ್ದು, ಆ ಮಿತಿ ತೆಗೆಯಿರಿ, ಕಲಿತವರನ್ನೆಲ್ಲ ತೆಗೆದುಕೊಳ್ಳಿ ಎಂದು.

ಕೊಟ್ಟುಬಿಟ್ಟರೆ ಏನಾಗುತ್ತದೆ? ಆ ವರ್ಷ ರೈಲ್ವೆ ಕರೆದ 62,907 ಕೆಳಹಂತದ ಹುದ್ದೆಗಳಿಗೆ ಬಂದ ಅರ್ಜಿಗಳು ಕೋಟಿ ದಾಟಿದ್ದವು. ಅಪ್ರೆಂಟಿಸ್ ಸೀಟೂ ಸಿಗದೆ, ರಾಯಚೂರಿನ ಯಾವುದೋ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗಿಗೂ ಆ ಹುದ್ದೆಯ ಮೇಲೆ ಅಷ್ಟೇ ಹಕ್ಕಿದೆ. ಸಂವಿಧಾನದ 16ನೇ ವಿಧಿ ಹೇಳುವ ಸಮಾನ ಅವಕಾಶ ಅವಳದ್ದೂ ಹೌದು. ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡುತ್ತ ಹೋದರೆ ಮುಂಬಾಗಿಲಲ್ಲಿ ಸಾಲು ನಿಂತವರ ಗತಿಯೇನು? ಅದು ದಿನಗೂಲಿಯವರ ಪ್ರಕರಣ. ಅಲ್ಲಿಯೂ ಕೋರ್ಟ್, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಪರಿಗಣಿಸಿ ಎಂದಿತ್ತು. ಹೀಗಾಗಿ ಎಲ್ಲರನ್ನೂ ಕಾಯಂ ಮಾಡಿ ಎಂದು ಸುಲಭವಾಗಿ ಹೇಳಲಾರೆ.

ಆದರೆ ಮಾಮಾ ಕೇಳಿದ ಪ್ರಶ್ನೆ ಕೆಲಸದ್ದಲ್ಲ, ಐದು ವರ್ಷದ್ದು. ಅದಕ್ಕೆ ಯಾವ ಕೋರ್ಟಿನಲ್ಲೂ ಉತ್ತರ ಹುಡುಕಬೇಕಿರಲಿಲ್ಲ. ನನ್ನ ಟೀಮಿನಲ್ಲೇ ಒಬ್ಬ ಇಂಟರ್ನ್ ಇದ್ದಳು.

ಆರು ತಿಂಗಳಿಗೆಂದು ಬಂದವಳು. ಟೆಸ್ಟಿಂಗ್ ಕೆಲಸ ಅಚ್ಚುಕಟ್ಟು. ಅವಳಿಲ್ಲದಿದ್ದರೆ ಎರಡು ರಿಲೀಸ್ ತಡವಾಗುತ್ತಿದ್ದವು. ಅವಧಿಯನ್ನು ಒಮ್ಮೆ ಮೂರು ತಿಂಗಳು, ಮತ್ತೊಮ್ಮೆ ಮೂರು ತಿಂಗಳು ವಿಸ್ತರಿಸಿದ್ದೆ. ಕಾಯಂ ಆಗುವ ವಿಷಯ ಕೇಳಿದಾಗೆಲ್ಲ ‘ನೋಡೋಣ, ಬಜೆಟ್ ಬರಲಿ’ ಎನ್ನುತ್ತಿದ್ದೆ. ಆ ವರ್ಷ ಹೊಸ ಹುದ್ದೆ ಇಲ್ಲವೆಂದು ನನಗೆ ಜನವರಿಯಲ್ಲೇ ಗೊತ್ತಾಗಿತ್ತು. ಹೇಳಿದರೆ ಬಿಟ್ಟುಹೋಗುತ್ತಾಳೆ, ಮಾರ್ಚ್ ರಿಲೀಸ್ ಕೆಡುತ್ತದೆ ಎಂದು ಸುಮ್ಮನಿದ್ದೆ. ಅಂದು ಬೆಳಿಗ್ಗೆ ಅವಳೂ ಅದೇ ಲೈನಿನಲ್ಲಿ ಎಲ್ಲೋ ಸಿಕ್ಕಿಕೊಂಡು, ತಡವಾಗುತ್ತದೆ, ಕ್ಷಮಿಸಿ ಸರ್ ಎಂದು ಮೂರು ಸಲ ಮೆಸೇಜ್ ಮಾಡಿದ್ದಳು.

ಮರುದಿನ ಕರೆದು ನಿಜ ಹೇಳಿದೆ. ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಇದು ನಿಮಗೆ ಯಾವಾಗ ಗೊತ್ತಾಯಿತು ಸರ್ ಎಂದಷ್ಟೇ ಕೇಳಿದಳು. ಜನವರಿ ಅಂದೆ. ಫೆಬ್ರವರಿಯಲ್ಲಿ ಪುಣೆಯ ಒಂದು ಕಂಪನಿ ಕರೆದಿತ್ತಂತೆ. ಇಲ್ಲೇ ಆಗುತ್ತದೆಂದು ನಂಬಿ ಹೋಗಿರಲಿಲ್ಲವಂತೆ. ತಿಂಗಳ ಕೊನೆಗೆ ಐಡಿ ಕಾರ್ಡ್ ಒಪ್ಪಿಸಿ ಹೊರಟಳು. ಮತ್ತೆ ನನಗೆ ಮೆಸೇಜ್ ಮಾಡಿಲ್ಲ.

ಹಳಿಯ ಮೇಲಿನ ಹುಡುಗರು ಬೆಳಿಗ್ಗೆ ಏಳರಿಂದ ಹತ್ತೂವರೆಯವರೆಗೆ ಗಾಡಿ ನಿಲ್ಲಿಸಿದ್ದರು. ನಾನು ಅವಳನ್ನು ಎರಡು ತಿಂಗಳು ನಿಲ್ಲಿಸಿದ್ದೆ. ನನ್ನನ್ನು ಯಾರೂ ಬೈಯಲಿಲ್ಲ.

ಈಗ ನನ್ನ ಟೀಮಿಗೆ ಇಂಟರ್ನ್ ಬಂದರೆ ಮೊದಲ ದಿನವೇ ಮೂರು ವಿಷಯ ಬರೆದು ಕೊಡುತ್ತೇನೆ: ಹುದ್ದೆ ಇದೆಯೇ ಇಲ್ಲವೇ, ಇದ್ದರೆ ಯಾವ ಆಧಾರದ ಮೇಲೆ ಆಯ್ಕೆ, ಯಾವ ತಾರೀಖಿನೊಳಗೆ ಉತ್ತರ. ಇಲ್ಲ ಎಂದು ಓದಿ ಇಬ್ಬರು ಮೊದಲ ವಾರವೇ ಹೋದರು. ನನಗೆ ಕಷ್ಟವಾಯಿತು, ಅವರಿಗೆ ಒಳ್ಳೆಯದಾಯಿತು. ಸರ್ಕಾರಿ ಕಚೇರಿಗೂ ಕಾಯ್ದೆ ಹೇಳುವ ‘ನೀತಿ’ ಇಷ್ಟು ಸರಳವಾಗಿ, ಸೇರುವ ದಿನವೇ ಹುಡುಗರ ಕೈಗೆ ಸಿಕ್ಕರೆ ಸಾಕು. ಅಜ್ಜಿಯರು ಊರಿಗೆ ಏನು ಹೇಳಬೇಕೆಂದು ಆಗಲೇ ತಿಳಿಯುತ್ತದೆ. ಇದನ್ನು ಓದುತ್ತಿರುವ ನೀವು ಈಗ ಎಲ್ಲಾದರೂ ಇಂಟರ್ನ್ ಆಗಿದ್ದರೆ, ಸಂಕೋಚಪಡದೆ ಆ ಮೂರನ್ನೂ ಕೇಳಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಾಮಾನ ಗ್ಯಾರೇಜಿನಲ್ಲಿ ಹೊಸ ಹುಡುಗನೊಬ್ಬ ಸ್ಪ್ಯಾನರ್ ಹಿಡಿದು ಕೂತಿದ್ದ. ಕಾಯಂ ಏನು ಎಂದು ಕೇಳಿದೆ.

“ಯುಗಾದಿತನಕ ಕಲೀಲಿ ಅಂದೀನಿ. ಯುಗಾದಿ ದಿನ ಹೌದು ಇಲ್ಲಾ ಹೇಳ್ತೀನಿ. ಅವನ ಅವ್ವಗೂ ಹೇಳೇನಿ” ಎಂದರು ಮಾಮಾ.